‘ನಾನು ಊಟಕ್ಕೆ ಚಿತ್ತೈಸಿದ್ದೇನೆ’: ಯೋಗ್ಯಕರ್ತದ ಹಿರಿಯರಿಗೊಂದು ಬಹಿರಂಗ ಪತ್ರ

ಯೋಗ್ಯಕರ್ತ ವಿಶೇಷ ಪ್ರಾಂತ್ಯದ ಶಿಕ್ಷಣ, ಸಂಸ್ಕೃತಿ ಮತ್ತು ಆರೋಗ್ಯ ಇಲಾಖೆಗಳ ಹಿರಿಯರಿಗೆ, ಜೊತೆಗೆ ಮನೆಯಲ್ಲಿ ಪ್ರಾಯಕ್ಕೆ ಬಂದ ಮಕ್ಕಳಿರುವ ಜಾವಾದ ತಂದೆತಾಯಿಯರಿಗೆ,

ನಮಸ್ಕಾರ.

ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಮೊದಲು ಅದಕ್ಕೆ ಕ್ಷಮೆ ಇರಲಿ. ನಿಮ್ಮ ಭಾಷೆಯಲ್ಲೇ ಬರೆಯೋಣವೆಂದು ಕೂತವಳು ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆ. ನಿಮ್ಮನ್ನು ‘ಕೊವೆ’ ಅನ್ನುವಂತಿಲ್ಲ, ಅದು ನಮ್ಮ ‘ನೀನು’. ‘ಸಂಪೆಯನ್’ ತರಕಾರಿ ಮಾರುವವರ ಹತ್ತಿರ ನಡೆದೀತು, ಇಲಾಖೆಯ ಮುಖ್ಯಸ್ಥರ ಹತ್ತಿರ ನಡೆಯದು. ‘ಪಂಜೆನೆಙನ್’ ಅಂದೆನೋ, ಅಲ್ಲಿಗೇ ಮುಗಿಯುವುದಿಲ್ಲ. ನಿಮ್ಮ ಕೈ ‘ಅಸ್ತ’ ಆಗಬೇಕು, ತಲೆ ‘ಮುಸ್ತಕ’ ಆಗಬೇಕು. ನೀವು ಮಲಗುವುದಕ್ಕೆ ಒಂದು ಪದ, ನಾನು ಮಲಗುವುದಕ್ಕೆ ಇನ್ನೊಂದು. ಅರ್ಧ ಗಂಟೆ ಒದ್ದಾಡಿ ಹಾಳೆ ಮಡಚಿಟ್ಟೆ. ನಲವತ್ತು ದಾಟಿದ ನನ್ನ ಪಾಡೇ ಹೀಗಿರುವಾಗ, ತನ್ನ ಸಂಕಟ ಹೇಳಿಕೊಳ್ಳಬೇಕಾದ ಹದಿನಾರರ ಹುಡುಗಿಯ ಪಾಡೇನು? ಆ ಯೋಚನೆಯಿಂದಲೇ ಈ ಪತ್ರ ಹುಟ್ಟಿತು.

ನಾನು ಸಾಗರದ ಕಡೆಯವಳು. ನಿಮ್ಮ ಸರ್ಕಾರ ಹೊರದೇಶದವರಿಗೆ ಕೊಡುವ ದರ್ಮಸಿಸ್ವ ವಿದ್ಯಾರ್ಥಿವೇತನದಲ್ಲಿ ಒಂದು ವರ್ಷ ಜಾವಾದ ವಾದ್ಯಮೇಳ ಗಾಮೆಲಾನ್ ಕಲಿಯಲು ಬಂದು, ಇಲ್ಲೇ ಮದುವೆಯಾಗಿ ಉಳಿದೆ. ಸಂಜೆ ಹೊತ್ತು ಮನೆಯ ಜಗಲಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಇಂಗ್ಲಿಷ್ ಬೇಕಾಗಿಯೇ ಇಲ್ಲ ಎಂಬುದು ನನಗೆ ಎರಡು ವರ್ಷ ಕಳೆದ ಮೇಲೆ ಅರ್ಥವಾಯಿತು. ಮನೆಯಲ್ಲಿ ಆಡಲಾಗದ ಮಾತನ್ನು ಆಡುವುದಕ್ಕೆ ಅವರಿಗೆ ಒಂದು ಭಾಷೆ ಬೇಕಿತ್ತು. ನನ್ನ ಜಗಲಿಯಲ್ಲಿ ಅದು ಸಿಗುತ್ತಿತ್ತು, ತಪ್ಪು ಇಂಗ್ಲಿಷಿನಲ್ಲಿ. ತಪ್ಪು ಇಂಗ್ಲಿಷಿಗೆ ಇಲ್ಲಿ ಯಾರೂ ನಗುವುದಿಲ್ಲ.

ಈ ಪತ್ರವನ್ನು ನನ್ನ ಊರಿನವರೂ ಓದುತ್ತಾರೆ. ಅವರಿಗಾಗಿ, ನಿಮಗೆ ಗೊತ್ತಿರುವುದನ್ನೇ ಎರಡು ಮಾತಿನಲ್ಲಿ ಹೇಳುತ್ತೇನೆ. ಗೆಳೆಯರೊಂದಿಗೆ, ಒಡಹುಟ್ಟಿದವರೊಂದಿಗೆ, ತನ್ನೊಂದಿಗೆ ತಾನು ಆಡಿಕೊಳ್ಳುವ ಜಾವಾ ಮಾತು ‘ಙೊಕೊ’. (ಒಂದನೇ ತರಗತಿಯಲ್ಲಿ ತಿದ್ದಿ ಮರೆತಿದ್ದ ಙ ಅಕ್ಷರಕ್ಕೆ ಕೆಲಸ ಸಿಕ್ಕಿದ್ದು ನಾನು ಈ ದೇಶಕ್ಕೆ ಬಂದ ಮೇಲೆ.) ಹಿರಿಯರೊಂದಿಗೆ, ಹೊಸಬರೊಂದಿಗೆ ಆಡಬೇಕಾದ್ದು ‘ಕ್ರಮ’. ಸಂಸ್ಕೃತದಿಂದ ಬಂದ ಅದೇ ನಮ್ಮ ಕ್ರಮ, ಬಾಯಲ್ಲಿ ಮಾತ್ರ ‘ಕ್ರೊಮೊ’. ಅದರ ಮೇಲೆ ‘ಕ್ರಮ ಇಂಗಿಲ್’ ಎಂದು ಇನ್ನೊಂದು ಮೆಟ್ಟಿಲು. ಉಣ್ಣುವುದು ಙೊಕೊದಲ್ಲಿ ‘ಮಙನ್’, ಕ್ರಮದಲ್ಲಿ ‘ನೆಡ’, ಮೇಲಿನ ಮೆಟ್ಟಿಲಲ್ಲಿ ‘ಡಹರ್’. ಡಹರ್ ಎಂಬುದನ್ನು ಹಿರಿಯರ ಬಗ್ಗೆ ಮಾತ್ರ ಹೇಳಬೇಕು, ತನಗೆ ತಾನೇ ಹೇಳಿಕೊಳ್ಳುವಂತಿಲ್ಲ.

ಆ ಹುಡುಗಿ ಹೇಳಿಕೊಂಡುಬಿಟ್ಟಳು.

ಅವಳಿಗೆ ಆಗ ಹದಿನಾಲ್ಕು. ಲೆಬರಾನ್ ಹಬ್ಬಕ್ಕೆ, ಅಂದರೆ ಈದ್‌ಗೆ, ಗುನುಙ್‌ಕಿಡುಲ್‌ನ ಅಜ್ಜಿಯ ಮನೆಯಲ್ಲಿ ಇಪ್ಪತ್ತು ಇಪ್ಪತ್ತೈದು ಜನ ನೆಂಟರು ಚಾಪೆಯ ಮೇಲೆ ಸೇರಿದ್ದರು. ಒಬ್ಬೊಬ್ಬರಾಗಿ ಮಂಡಿಯೂರಿ ಅಜ್ಜಿಯ ತೊಡೆಗೆ ಹಣೆ ಹಚ್ಚಿ ಸುಙ್ಕೆಮ್ ಮಾಡಿ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುವ ಹೊತ್ತು. ಇವಳ ಸರದಿ ಬಂದಾಗ ಅಜ್ಜಿ ತಲೆ ಸವರಿ, “ವಿಸ್ ಮಙನ್ ದುರುಙ್, ನ್ಡುಕ್?” ಎಂದರು. ಊಟ ಆಯಿತೋ ಇನ್ನೂ ಇಲ್ಲವೋ, ಮಗಳೇ? ಹುಡುಗಿ ಮೂರು ದಿನದಿಂದ ಕ್ರಮ ಅಭ್ಯಾಸ ಮಾಡಿ ಬಂದಿದ್ದಳು. ತನಗೆ ಗೊತ್ತಿದ್ದ ಎಲ್ಲಕ್ಕಿಂತ ಮರ್ಯಾದೆಯ ಪದವನ್ನು ಹುಡುಕಿ, “ಕುಲ ಸಂಪುನ್ ಡಹರ್, ಮ್ಬಾ” ಎಂದಳು. ಕನ್ನಡದಲ್ಲಿ ಹೇಳಬೇಕೆಂದರೆ: “ಅಜ್ಜಿ, ನಾನು ಊಟಕ್ಕೆ ಚಿತ್ತೈಸಿದ್ದೇನೆ.” ಚಾಪೆಯ ಈ ತುದಿಯಿಂದ ಆ ತುದಿಯವರೆಗೆ ನಗು ಹರಿಯಿತು. ಜಕಾರ್ತದಿಂದ ಬಂದಿದ್ದ ಚಿಕ್ಕಪ್ಪ, ರಾಣಿಯವರ ಭೋಜನ ಮುಗಿಯಿತಂತೆ ಎಂದು ಒಗ್ಗರಣೆ ಹಾಕಿದರು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು, ರಾತ್ರಿಯೊಳಗೆ ಅದು ಮನೆತನದ ವಾಟ್ಸ್ಯಾಪ್ ಗುಂಪಿನಲ್ಲಿತ್ತು. ಅಜ್ಜಿಯೂ ನಕ್ಕರು, ಅಕ್ಕರೆಯಿಂದಲೇ ಇರಬೇಕು. ಹುಡುಗಿಗೆ ಇವತ್ತಿಗೂ ನೆನಪಿರುವುದು ಅಜ್ಜಿ ನಕ್ಕದ್ದು ಮಾತ್ರ.

ಆ ಹಬ್ಬದಿಂದೀಚೆಗೆ ಅವಳು ಅಜ್ಜಿಯ ಹತ್ತಿರ ಇಂಡೋನೇಷ್ಯನ್ ಭಾಷೆಯಲ್ಲಿ ಮಾತಾಡುತ್ತಾಳೆ. ‘ಸುದಾ, ಮ್ಬಾ’, ಆಯಿತು ಅಜ್ಜಿ, ಅಷ್ಟೇ. ಅಜ್ಜಿಗೆ ಇಂಡೋನೇಷ್ಯನ್ ಅಷ್ಟಕ್ಕಷ್ಟೇ. ಒಬ್ಬರ ಮೇಲೊಬ್ಬರಿಗೆ ಜೀವ ಇರುವ ಇಬ್ಬರು ಒಂದೇ ಜಗಲಿಯಲ್ಲಿ ಕೂತು ಟಿವಿ ನೋಡುತ್ತಾರೆ.

ಹದಿನಾರಕ್ಕೆ ಬರುವ ಹೊತ್ತಿಗೆ ಅವಳಿಗೆ ನಿದ್ದೆ ಹೋಗಿತ್ತು, ಊಟ ಸೇರುತ್ತಿರಲಿಲ್ಲ, ಶಾಲೆಗೆ ವಾರಕ್ಕೆ ಎರಡು ದಿನ ಚಕ್ಕರ್. ಕ್ರಮ ತಪ್ಪಿದ್ದರಿಂದ ಹೀಗಾಯಿತು ಎಂದು ಹೇಳುವಷ್ಟು ದಡ್ಡಿ ನಾನಲ್ಲ. ಅಪ್ಪನ ಸಾಲ, ಅಮ್ಮನ ಮೌನ, ಪರೀಕ್ಷೆ, ಫೋನಿನಲ್ಲಿ ನಡೆದ ಯಾವುದೋ ಗೇಲಿ, ಎಲ್ಲ ಇತ್ತು. ನಾನು ಹೇಳುವುದು ಅದಾದ ಮೇಲಿನದ್ದನ್ನು. ಅದನ್ನು ಹೇಳಿಕೊಳ್ಳುವುದಕ್ಕೆ ಅವಳ ಹತ್ತಿರ ಯಾವ ಮಾತೂ ಉಳಿದಿರಲಿಲ್ಲ. ಅಪ್ಪ ಅಮ್ಮನೊಂದಿಗೆ ಙೊಕೊ ಆಡಿದರೆ ಅಗೌರವ. ಕ್ರಮ ಆಡಿದರೆ ತಪ್ಪಾಗುತ್ತದೆಂಬ ಹೆದರಿಕೆ. ಇಂಡೋನೇಷ್ಯನ್ ಆಡಿದರೆ ಟಿವಿ ಸಂದರ್ಶನದ ಹಾಗೆ ಕೇಳಿಸುತ್ತದೆ, ಅಳು ಕೂಡ ಸುಳ್ಳಾಗಿ ಕೇಳಿಸುತ್ತದೆ ಎಂದಳು. ಹಾಗಾಗಿ ಯಾರು ಕೇಳಿದರೂ ಒಂದೇ ಉತ್ತರ: ‘ರಪೊಪೊ’. ಏನಿಲ್ಲ. ನಾನು ಚೆನ್ನಾಗಿದ್ದೇನೆ.

ಈ ‘ರಪೊಪೊ’ ಎಂಬ ಪದ ಕೇಳಿದರೆ ನನಗೆ ಈಗ ಎದೆ ಝಲ್ಲೆನ್ನುತ್ತದೆ. ಜಾವಾದಲ್ಲಿ ಇದರಷ್ಟು ಸಲೀಸಾಗಿ ಬಾಯಿಗೆ ಬರುವ ಪದ ಬೇರೊಂದಿಲ್ಲ. ಅಕ್ಕನ ಮದುವೆ ಮುರಿದರೂ ರಪೊಪೊ, ಕೆಲಸ ಹೋದರೂ ರಪೊಪೊ.

ತಾಯಿ ಒಳ್ಳೆಯ ಹೆಂಗಸು. ಮಗಳು ಬಾಯಿಬಿಟ್ಟ ಒಂದು ದಿನ ಆಕೆ ಹೇಳಿದ್ದು, ನಿನಗೆ ದೇವರು ಕೊಟ್ಟದ್ದರ ಬಗ್ಗೆ ಕೃತಜ್ಞತೆ ಸಾಲದು, ಪ್ರಾರ್ಥನೆ ತಪ್ಪಿಸಬೇಡ, ಮತ್ತೆ ‘ಸಿಙ್ ವರಸ್ ಙಲಹ್’. ಬುದ್ಧಿ ನೆಟ್ಟಗಿರುವವರೇ ಸೋತು ಹೋಗಬೇಕು ಎಂಬ ಈ ಗಾದೆಯನ್ನು ನಾನೂ ಮೆಚ್ಚುತ್ತಿದ್ದೆ. ಜಗಳಗಂಟ ನೆರೆಮನೆಯವರ ವಿಷಯದಲ್ಲಿ ಅದು ಬಂಗಾರದ ಮಾತು. ಮನೆಯೊಳಗೆ ಯಾವಾಗಲೂ ಒಬ್ಬಳೇ ಸೋಲುತ್ತಿದ್ದರೆ ಅವಳು ಎಷ್ಟು ಕಾಲ ‘ವರಸ್’ ಆಗಿ ಉಳಿದಾಳು?

ಅಮೆರಿಕದ ಮಾನವಶಾಸ್ತ್ರಜ್ಞೆ ಹಿಲ್ಡ್ರೆಡ್ ಗೀರ್ಟ್ಜ್ 1950ರ ದಶಕದಲ್ಲಿ ಪೂರ್ವ ಜಾವಾದ ಒಂದು ಪಟ್ಟಣದ ಮನೆಗಳಲ್ಲಿ ಕೂತು ಗಮನಿಸಿದ್ದರು: ಇಲ್ಲಿನ ಮಗು ಗೌರವವನ್ನು ಮೂರು ಹಂತಗಳಲ್ಲಿ ಕಲಿಯುತ್ತದೆ. ಮೊದಲು ‘ವೆಡಿ’, ಆಮೇಲೆ ‘ಇಸಿನ್’, ಕೊನೆಗೆ ‘ಸುಙ್ಕನ್’. ಹೆದರಿಕೆ, ನಾಚಿಕೆ, ದಾಕ್ಷಿಣ್ಯ. ಸುಙ್ಕನ್ ಎಂಬುದಕ್ಕೆ ಇಂಗ್ಲಿಷಿನಲ್ಲಿ ಪದ ಸಿಗದೆ ವಿದ್ವಾಂಸರು ಒದ್ದಾಡುತ್ತಾರೆ, ಕನ್ನಡದವಳಿಗೆ ಆ ತೊಂದರೆ ಇಲ್ಲ. ದಾಕ್ಷಿಣ್ಯಕ್ಕೆ ಸಿಕ್ಕಿ ಸಾಲ ಕೊಟ್ಟವರು, ದಾಕ್ಷಿಣ್ಯಕ್ಕೆ ಹೆಣ್ಣು ಕೊಟ್ಟವರು ನಮ್ಮಲ್ಲೂ ಇದ್ದಾರೆ. ದಾಕ್ಷಿಣ್ಯ ಕೆಟ್ಟದ್ದೆಂದು ನಾನು ಹೇಳಲಾರೆ. ನಿಮ್ಮ ಬೀದಿಯಲ್ಲಿ ಯಾರೂ ಕೂಗಾಡುವುದಿಲ್ಲ. ಮೆರಾಪಿ ಬೆಂಕಿಯುಗುಳಿದಾಗಲೂ ಕಂಡವರ ಮನೆಗೆ ಗಂಜಿ ಹೋಗುತ್ತದೆ. ಆದರೆ ನೋವು ತಡೆಯಲಾರದ ಮಗು ಡಾಕ್ಟರ ಬಾಗಿಲಲ್ಲೂ ದಾಕ್ಷಿಣ್ಯ ಮಾಡಿಕೊಂಡು ನಿಂತರೆ?

ನಿಂತೇ ಇದೆ. ಗಜಾ ಮಾದ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ನಡೆದ ಹದಿಹರೆಯದವರ ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಮೀಕ್ಷೆ 2022ರಲ್ಲಿ ಹೊರಬಂತು. ಆ ವಿಶ್ವವಿದ್ಯಾಲಯ ನಿಮ್ಮ ಊರಿನದೇ. ಇಂಡೋನೇಷ್ಯಾದ 10ರಿಂದ 17 ವರ್ಷದವರಲ್ಲಿ ಮೂವರಲ್ಲಿ ಒಬ್ಬರಿಗೆ, ಅಂದರೆ ಸುಮಾರು 1.55 ಕೋಟಿ ಮಕ್ಕಳಿಗೆ, ಹಿಂದಿನ 12 ತಿಂಗಳಲ್ಲಿ ಮನಸ್ಸಿಗೆ ಸಂಬಂಧಿಸಿದ ಏನಾದರೂ ತೊಂದರೆ ಇತ್ತು. ಅವರಲ್ಲಿ ಸಲಹೆಗೋ ಚಿಕಿತ್ಸೆಗೋ ಎಲ್ಲಾದರೂ ಹೋದವರು ಶೇಕಡಾ 2.6. ಇದು ಇಡೀ ದೇಶದ ಲೆಕ್ಕ, ಜಾವಾದವರದ್ದಷ್ಟೇ ಅಲ್ಲ. ಆದರೆ ದೇಶದ ಅರ್ಧಕ್ಕಿಂತ ಹೆಚ್ಚು ಜನ ಇರುವುದು ಈ ದ್ವೀಪದಲ್ಲೇ. ನೂರಕ್ಕೆ ತೊಂಬತ್ತೇಳು ಮಕ್ಕಳು ರಪೊಪೊ ಅಂದುಕೊಂಡು ಮನೆಯಲ್ಲೇ ಉಳಿದರು ಎಂದು ನಾನು ಇದನ್ನು ಓದಿಕೊಂಡೆ.

ಶಾಲೆಯಲ್ಲಿ ಸಲಹೆಗಾರ ಶಿಕ್ಷಕರಿಲ್ಲವೇ ಎಂದರೆ, ಇದ್ದಾರೆ. ಅವಳ ಶಾಲೆಯ ಹೆಸರು ಬೇಡ. ಅಲ್ಲಿನ ಬಿಕೆ ಕೊಠಡಿಯಲ್ಲಿ, ಅಂದರೆ ಮಾರ್ಗದರ್ಶನ ಮತ್ತು ಸಲಹೆಯ ಕೊಠಡಿಯಲ್ಲಿ, ಬೆಳಿಗ್ಗೆ ಹುಡುಗರ ಕೂದಲಿನ ಉದ್ದ ಅಳೆಯುತ್ತಾರೆ, ತಡವಾಗಿ ಬಂದವರ ತಪ್ಪಿನ ಅಂಕ ಬರೆಯುತ್ತಾರೆ. ಮಧ್ಯಾಹ್ನ ಅದೇ ಮೇಜಿನ ಎದುರು ಕೂತು ಮನಸ್ಸು ಬಿಚ್ಚಿ ಮಾತಾಡಬೇಕು. ಆ ಬಾಗಿಲು ದಾಟುವುದನ್ನು ಯಾರಾದರೂ ಕಂಡರೆ, “ಏನು ಕದ್ದೆ?” ಎಂದು ಕೇಳುತ್ತಾರಂತೆ.

ಕೊನೆಗೆ ಅವಳ ತಾಯಿಯನ್ನು ಒಪ್ಪಿಸಿ ಮೂವರೂ ಪುಸ್ಕೆಸ್ಮಸ್‌ಗೆ, ನಿಮ್ಮ ಸಮುದಾಯ ಆರೋಗ್ಯ ಕೇಂದ್ರಕ್ಕೆ, ಹೋದೆವು. ಇಲ್ಲಿ ನಿಮಗೆ ಸಲ್ಲಬೇಕಾದ್ದನ್ನು ಹೇಳಲೇಬೇಕು. ಆರೋಗ್ಯ ಕೇಂದ್ರದಲ್ಲೇ ಮನಶ್ಶಾಸ್ತ್ರಜ್ಞರನ್ನು ಕೂರಿಸಿದ್ದೀರಿ. ದೇಶದ ಬಹಳ ಕಡೆ ಈ ಸೌಲಭ್ಯ ಇಲ್ಲ. ಅಲ್ಲಿದ್ದ ಹೆಂಗಸು ಮೊದಲು ಅಚ್ಚುಕಟ್ಟಾದ ಇಂಡೋನೇಷ್ಯನ್‌ನಲ್ಲಿ ಪ್ರಶ್ನೆ ಕೇಳಿದರು, ಹುಡುಗಿ ಅಚ್ಚುಕಟ್ಟಾಗಿ ಉತ್ತರ ಕೊಟ್ಟಳು. ಹತ್ತು ನಿಮಿಷ ಹೀಗೇ. ಆಮೇಲೆ ಆಕೆ ಪೆನ್ನು ಕೆಳಗಿಟ್ಟು, ಮೇಜಿನ ಈ ಕಡೆ ಕುರ್ಚಿ ಎಳೆದುಕೊಂಡು, “ಪಿಯೆ, ನ್ಡುಕ್?” ಎಂದರು. ಏನಾಯಿತೇ ಮಗಳೇ? ಅಷ್ಟು ಕೇಳಿದ್ದೇ ತಡ, ಹುಡುಗಿ ಬಿಕ್ಕಿದಳು. ಮುಂದಿನದ್ದೆಲ್ಲ ಙೊಕೊದಲ್ಲಿ ನಡೆಯಿತು. ತಾಯಿ ಮತ್ತು ನಾನು ಹೊರಗೆ ಕೂತಿದ್ದೆವು. ಗೋಡೆಯ ಮೇಲಿನ ಪೋಸ್ಟರುಗಳಲ್ಲಿ ‘ಹೀಲಿಂಗ್’, ‘ಸೆಲ್ಫ್ ಲವ್’ ಎಂದೆಲ್ಲ ಬರೆದಿತ್ತು. ತಾಯಿ ಅದನ್ನು ಬಹಳ ಹೊತ್ತು ನೋಡಿ, ಇದು ಶ್ರೀಮಂತರ ಕಾಯಿಲೆಯೇ ಎಂದು ನನ್ನನ್ನು ಮೆಲ್ಲಗೆ ಕೇಳಿದರು.

ಆ ಪೋಸ್ಟರಿನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮನಸ್ಸಿನ ಬಗ್ಗೆ ಹೇಳಲು ಜಾವಾದಲ್ಲಿ ಏನೂ ಇರಲಿಲ್ಲವೇ? ನಿಮ್ಮ ಅರಮನೆಯಲ್ಲೇ ಹುಟ್ಟಿದ ಕಿ ಅಗೆಙ್ ಸುರ್ಯೊಮೆಂತರಮ್ ಇದ್ದರಲ್ಲ! ಏಳನೆಯ ಹಮೆಂಕುಬುವೊನೊ ಸುಲ್ತಾನರ ಮಗ, 1892ರಲ್ಲಿ ಹುಟ್ಟಿದವರು. ಅರಮನೆಯಲ್ಲಿ ಅವರಿಗಿದ್ದ ಕೊರಗು ಒಂದೇ: ನಾನು ಇದುವರೆಗೆ ಒಬ್ಬ ಮನುಷ್ಯನನ್ನೂ ಭೇಟಿಯಾಗಿಲ್ಲ. ಕೈಮುಗಿಯುವವರು, ಅಪ್ಪಣೆಗೆ ಕಾಯುವವರು, ಬೈಗುಳ ತಿನ್ನುವವರು, ಏನಾದರೂ ಬೇಡುವವರು, ಇವರನ್ನಷ್ಟೇ ಕಂಡಿದ್ದೇನೆ. ಮನುಷ್ಯನನ್ನು ಹುಡುಕಿಕೊಂಡು ಹೊರಟು, ಬಾವಿ ತೋಡುವ ಕೂಲಿಯನ್ನೂ ಮಾಡಿ, ತಂದೆ ತೀರಿಕೊಂಡ ಮೇಲೆ ಪದವಿ ಬಿಟ್ಟು, ಸಲತಿಗಾ ಹತ್ತಿರದ ಬ್ರಿಙಿನ್ ಎಂಬ ಹಳ್ಳಿಯಲ್ಲಿ ರೈತನಾಗಿ ಬದುಕಿದರು. ಅವರು ಕಟ್ಟಿದ ‘ಕವ್ರುಹ್ ಜಿವ’, ಜೀವದ ಅರಿವು, ಹೇಳುವುದು ತೀರಾ ಸರಳ: ಆಸೆ ಈಡೇರಿದರೆ ‘ಮುಲುರ್’, ಇನ್ನಷ್ಟು ಹಿಗ್ಗುತ್ತದೆ, ಈಡೇರದಿದ್ದರೆ ‘ಮುಙ್‌ಕ್ರೆತ್’, ಕುಗ್ಗುತ್ತದೆ. ಹಾಗಾಗಿ ಸುಖವೂ ನಿಲ್ಲದು, ದುಃಖವೂ ನಿಲ್ಲದು. ಒಳಗೆ ಏಳುವುದನ್ನು ಅದುಮದೆ, ಅದರ ಹಿಂದೆ ಓಡದೆ, ಇದು ನನ್ನೊಳಗೆ ಎದ್ದಿದೆ ಎಂದು ನೋಡುತ್ತಾ ಕೂರು. ಸುಮ್ಮನೆ ಸಹಿಸು ಎಂದು ಅವರು ಹೇಳಲಿಲ್ಲ. ಗುಂಪಿನಲ್ಲಿ ಕೂತು ಒಬ್ಬರ ಮನಸ್ಸನ್ನು ಒಬ್ಬರು ಮಾತಾಡಿಕೊಳ್ಳಿ ಎಂದರು. 1962ರಲ್ಲಿ ತೀರಿಕೊಂಡ ಅವರ ಹೆಸರನ್ನು ನನ್ನ ಜಗಲಿಯ ಹನ್ನೊಂದು ಮಕ್ಕಳಲ್ಲಿ ಒಬ್ಬರೂ ಕೇಳಿರಲಿಲ್ಲ. ಹೀಲಿಂಗ್ ಎಂದರೆ ಏನೆಂದು ಹನ್ನೊಂದು ಜನಕ್ಕೂ ಗೊತ್ತಿತ್ತು: ಕಡಲತೀರಕ್ಕೆ ಹೋಗಿ ಫೋಟೋ ತೆಗೆಸಿಕೊಳ್ಳುವುದು.

ನಿಮ್ಮ ಇನ್ನೊಂದು ಕೊರಗು ನನಗೆ ಗೊತ್ತು. ‘ವೊಙ್ ಜಾವ ಇಲಙ್ ಜವಾನೆ’, ಜಾವಾದವರಲ್ಲಿ ಜಾವಾತನ ಉಳಿದಿಲ್ಲ ಎಂದು ಪ್ರತಿ ಸಭೆಯಲ್ಲೂ ಯಾರಾದರೊಬ್ಬರು ನಿಟ್ಟುಸಿರು ಬಿಡುತ್ತಾರೆ. ಅದಕ್ಕಾಗಿ ಮಾಡಿದ್ದೂ ಕಡಿಮೆಯೇನಲ್ಲ. 2012ರ ವಿಶೇಷ ಸ್ಥಾನಮಾನದ ಕಾನೂನು ಬಂದ ಮೇಲೆ ಸಂಸ್ಕೃತಿಗೆಂದೇ ಹಣ ಬರುತ್ತದೆ. ಬೀದಿಯ ಫಲಕಗಳಲ್ಲಿ ಹನಚರಕ ಲಿಪಿ ಇದೆ. ಒತ್ತಕ್ಷರ ತಿದ್ದಿ ಬೆಳೆದ ನನಗೆ ಅಕ್ಷರದ ಕೆಳಗೆ ಜೋತು ಬೀಳುವ ನಿಮ್ಮ ‘ಪಸಙನ್’ ಬೇಗ ಹತ್ತಿತು, ನಮ್ಮೆರಡು ಲಿಪಿಗಳಿಗೂ ಬ್ರಾಹ್ಮಿಯೇ ಅಜ್ಜಿ. ನನ್ನ ಜಗಲಿಯ ಮಕ್ಕಳಿಗೆ ಆ ಫಲಕಗಳನ್ನು ನಾನೇ ಓದಿ ಹೇಳಬೇಕು! ಶಾಲೆಯಲ್ಲಿ ಜಾವಾ ಭಾಷೆ ಕಡ್ಡಾಯವಾಗಿದ್ದರೂ ಅದು ಮಕ್ಕಳಿಗೆ ಹತ್ತಿರವಾಗಿಲ್ಲ. ಯಾಕೆಂದರೆ ಆ ಪಾಠ ಮುಕ್ಕಾಲುಪಾಲು ಕ್ರಮದ ಪರೀಕ್ಷೆ: ಬಿಟ್ಟ ಸ್ಥಳ ತುಂಬು, ಡಹರ್‌ ಬದಲು ನೆಡ ಬರೆ, ತಪ್ಪಿದರೆ ಕೆಂಪು ಶಾಯಿ. ಮಗುವಿನ ಮಟ್ಟಿಗೆ ಜಾವಾ ಎಂದರೆ ತಪ್ಪಾಗುವ ವಿಷಯ. ಅದೇ ಮಗು ಜಕಾರ್ತಕ್ಕೆ ಕೆಲಸಕ್ಕೆ ಹೋದರೆ ಉಚ್ಚಾರಣೆ ‘ಮೆಡೊಕ್’, ಜಾವಾ ಧಾಟಿ ದಪ್ಪ, ಎಂದು ಅಲ್ಲಿನವರು ಆಡಿಕೊಳ್ಳುತ್ತಾರೆ. ಊರಲ್ಲಿ ಜಾವಾತನ ಸಾಲದು, ರಾಜಧಾನಿಯಲ್ಲಿ ಜಾವಾತನ ಜಾಸ್ತಿ. ಬಾನ್ಯುಮಸ್ ಕಡೆಯ ‘ಙಪಕ್’ ಉಪಭಾಷೆಯ ಮಕ್ಕಳ ಕಥೆ ಇನ್ನೂ ಬೇರೆ, ಅವರ ಙೊಕೊವನ್ನೇ ಇಲ್ಲಿನವರು ಅಣಕಿಸುತ್ತಾರೆ.

ಕ್ರಮವನ್ನು ತೆಗೆದುಹಾಕಿ ಎಂದು ನಾನು ಕೇಳುತ್ತಿಲ್ಲ. ಅದನ್ನು ಕೇಳಿದವರು ನಿಮ್ಮವರೇ ಇದ್ದರು. 1917ರಲ್ಲಿ ಸುರಬಾಯಾದಲ್ಲಿ ಹುಟ್ಟಿದ ‘ಜಾವ ದ್ವಿಪ’ ಚಳವಳಿ ಎಲ್ಲರೂ ಎಲ್ಲರೊಂದಿಗೂ ಙೊಕೊ ಆಡಲಿ ಎಂದಿತು, ನಡೆಯಲಿಲ್ಲ. ನನಗಂತೂ ಕ್ರಮ ಕೇಳಲು ಇಷ್ಟ, ವೀಣೆಯ ಮಂದ್ರದ ಹಾಗಿರುತ್ತದೆ. ಆದರೆ ನಮ್ಮ ತರಗತಿಯ ಒಬ್ಬ ತುಂಟ ಕೇಳಿದ ಪ್ರಶ್ನೆಯನ್ನು ನಿಮಗೆ ದಾಟಿಸಬೇಕು. ಯಕ್ಷಗಾನ ನೋಡುತ್ತಾ ಬೆಳೆದವಳು ನಾನು, ನಿಮ್ಮ ತೊಗಲುಗೊಂಬೆಯಾಟ ವಯಾಙ್ ಇದ್ದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ನಿಮ್ಮ ವೃಕೋದರ, ವೆರ್ಕುಡರ, ಕೃಷ್ಣನಿಗೂ ಙೊಕೊ, ದೇವತೆಗಳಿಗೂ ಙೊಕೊ. ಹುಡುಗ ಅಂದ: “ಬೀಮ ನಮ್ಮ ಶಾಲೆಗೆ ಬಂದಿದ್ದರೆ ಜಾವಾ ಭಾಷೆಯಲ್ಲಿ ಫೇಲು. ಅವನಿಗೆ ಯಾಕೆ ಯಾರೂ ಏನೂ ಅನ್ನುವುದಿಲ್ಲ, ಬು?” ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕರು ಉತ್ತರ ಕೊಟ್ಟರು. ಅವನ ಒಳಗೂ ಹೊರಗೂ ಒಂದೇ, ಅದಕ್ಕೆ. ಆಮೇಲೆ ಸ್ವಲ್ಪ ತಡೆದು, ಅವನೂ ಒಬ್ಬರ ಹತ್ತಿರ ಕ್ರಮ ಆಡಿದ್ದಾನೆ ಎಂದರು. ಕಡಲ ನಡುವೆ ತನ್ನದೇ ರೂಪದ ಪುಟ್ಟ ದೇವತೆ ‘ದೇವ ರುಚಿ’ಯನ್ನು ಕಂಡಾಗ. ಅಲ್ಲಿ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅದಾಗಿ ಬಂತು.

ಮಕ್ಕಳು ಜಾವಾ ಭಾಷೆಯನ್ನು ಬಿಟ್ಟಿದ್ದಾರೆ ಎನ್ನುವವರು 2019ರಲ್ಲಿ ಡಿಡಿ ಕೆಂಪೊಟ್ ಅವರ ಕಛೇರಿಗಳನ್ನು ನೋಡಬೇಕಿತ್ತು. ಪಾದಚಾರಿ ಮಾರ್ಗದಲ್ಲಿ ಹಾಡುತ್ತಾ ಮೇಲೆ ಬಂದ, ಐವತ್ತು ದಾಟಿದ ಸೊಲೊ ಊರಿನ ಗಾಯಕ. ಹಾಡೆಲ್ಲ ಬಿಟ್ಟುಹೋದವರ ಬಗ್ಗೆ, ಮಾತೆಲ್ಲ ಬಹುಪಾಲು ಙೊಕೊ. ಅವರ ಎದುರು ಸಾವಿರಾರು ಹುಡುಗ ಹುಡುಗಿಯರು, ತಮ್ಮನ್ನು ‘ಸೊಬತ್ ಅಂಬ್ಯಾರ್’, ಚೂರುಚೂರಾದವರ ಬಳಗ, ಎಂದು ಕರೆದುಕೊಂಡು ಕಣ್ಣೀರು ಸುರಿಸುತ್ತಾ ಕುಣಿದರು. ಗಂಡು ಹುಡುಗರು ಬಹಿರಂಗವಾಗಿ ಅತ್ತರು, ಅದೂ ಜಾವಾದಲ್ಲಿ! 2020ರ ಮೇ 5ರಂದು ಅವರು ತೀರಿಕೊಂಡ ದಿನ ನನ್ನ ಜಗಲಿಯಲ್ಲಿ ಪಾಠ ನಡೆಯಲಿಲ್ಲ. ಸಾಂಕ್ರಾಮಿಕದ ಕಾಲ, ಫೋನಿನಲ್ಲೇ ಎಲ್ಲರೂ ಒಟ್ಟಿಗೆ ಹಾಡಿದರು. ಒಂದು ಪದವೂ ತಪ್ಪಲಿಲ್ಲ.

ಹಾಗಾಗಿ ನನ್ನ ಕೋರಿಕೆ ದೊಡ್ಡದೇನಲ್ಲ. ಜಾವಾ ಪಾಠದ ಪಿರಿಯಡ್‌ಗಳಲ್ಲಿ ಒಂದನ್ನಾದರೂ ಕೆಂಪು ಶಾಯಿಯಿಲ್ಲದೆ ಙೊಕೊಗೆ ಬಿಟ್ಟುಕೊಡಿ. ಮಕ್ಕಳು ತಮಗೆ ಬೇಕಾದ್ದನ್ನು ಹೇಳಲಿ, ಬರೆಯಲಿ. ಕೂದಲು ಅಳೆಯುವ ಕೆಲಸವನ್ನು ಬಿಕೆ ಶಿಕ್ಷಕರ ಕೈಯಿಂದ ತೆಗೆದು ಬೇರೆ ಯಾರಿಗಾದರೂ ಕೊಡಿ. ಆರೋಗ್ಯ ಕೇಂದ್ರದ ಗೋಡೆಯ ಮೇಲೆ ‘ಪಿಯೆ, ನ್ಡುಕ್? ಪಿಯೆ, ಲೆ?’, ಏನಾಯಿತೇ ಮಗಳೇ, ಏನಾಯಿತೋ ಮಗನೇ, ಎಂದು ಬರೆಸಿ, ಅಮ್ಮಂದಿರಿಗೆ ಅದು ಶ್ರೀಮಂತರ ಕಾಯಿಲೆ ಅನ್ನಿಸುವುದಿಲ್ಲ. ಮತ್ತೆ, 35 ದಿನಕ್ಕೊಮ್ಮೆ ಜಾವಾ ಪಂಚಾಂಗದ ಆ ಗುರುವಾರ ಬಂದಾಗ ಶಾಲೆ, ಕಚೇರಿಗಳಲ್ಲಿ ಎಲ್ಲರೂ ಸಾಂಪ್ರದಾಯಿಕ ಉಡುಪು ತೊಡುತ್ತೀರಲ್ಲ, ಆ ದಿನಕ್ಕೆ ಇನ್ನೊಂದು ಪದ್ಧತಿ ಸೇರಿಸಿ. ಆವತ್ತು ಮಕ್ಕಳು ಕ್ರಮದಲ್ಲಿ ಏನು ತಪ್ಪು ಮಾಡಿದರೂ ದೊಡ್ಡವರು ನಗಬಾರದು. ಸರಿಯಾದ ಪದವನ್ನು ಮೆಲ್ಲಗೆ ಹೇಳಿಕೊಡಬಹುದು, ಅಷ್ಟೇ.

ಮಾತು ಬಾರದ ಮಗುವಿಗೆ ನಿಮ್ಮ ಹಿರಿಯರು ‘ದುರುಙ್ ಜಾವ’ ಎನ್ನುತ್ತಿದ್ದರು, ಇನ್ನೂ ಜಾವಾ ಆಗಿಲ್ಲ. ಊಟ ಆಯಿತೋ ಇನ್ನೂ ಇಲ್ಲವೋ ಎಂದು ಅಜ್ಜಿ ಕೇಳಿದಾಗ ಬಳಸಿದ್ದೂ ಅದೇ ‘ದುರುಙ್’. ಆಗಿಲ್ಲ, ಆಗುತ್ತದೆ, ಕಾಯುತ್ತೇವೆ ಎಂಬ ಧಾಟಿ ಆ ಪದದಲ್ಲಿದೆ. ಈಗ ಯಾಕೋ ಎಲ್ಲರ ಬಾಯಲ್ಲೂ ‘ಇಲಙ್’, ಕಳೆದುಹೋಯಿತು.

ಹುಡುಗಿ ಈಗ ಪರವಾಗಿಲ್ಲ. ಎರಡು ವಾರಕ್ಕೊಮ್ಮೆ ಪುಸ್ಕೆಸ್ಮಸ್‌ಗೆ ಹೋಗುತ್ತಾಳೆ, ನಿದ್ದೆ ಬರುತ್ತಿದೆ, ಕೆಲವು ದಿನ ಬರುವುದಿಲ್ಲ. ಅವಳ ಕಥೆ ಬರೆಯಲು ಅವಳನ್ನು ಕೇಳಿ, ಒಪ್ಪಿಗೆ ಪಡೆದೇ ಬರೆದಿದ್ದೇನೆ. ಪತ್ರವನ್ನು ಜಾವಾ ಭಾಷೆಗೆ ತರುತ್ತಿರುವವಳೂ ಅವಳೇ; ನಾನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗುತ್ತೇನೆ, ಅವಳು ಬರೆಯುತ್ತಾಳೆ. ನಿನ್ನೆ ಮೊದಲ ಸಾಲಿನಲ್ಲೇ ಪೆನ್ನು ನಿಲ್ಲಿಸಿದಳು. ನಿಮಗೆ ‘ಪಂಜೆನೆಙನ್’ ಎಂದು ಬರೆದಾಗಿತ್ತು. ‘ನಾನು’ ಅನ್ನುವುದಕ್ಕೆ ಕ್ರಮದ ‘ಕುಲ’ ಬೇಡ, ಙೊಕೊದ ‘ಅಕು’ ಎಂದೇ ಇರಲಿ ಎಂದೆ. ಕ್ರಮದ ವಾಕ್ಯದಲ್ಲಿ ‘ಅಕು’ ಬರೆದರೆ ತಪ್ಪಾಗುತ್ತದೆ, ಶಾಲೆಯಲ್ಲಾದರೆ ಅಂಕ ಹೋಗುತ್ತದೆ ಎಂದಳು. ಸ್ವಲ್ಪ ಹೊತ್ತು ಇಬ್ಬರೂ ಆ ಸಾಲನ್ನು ನೋಡುತ್ತಾ ಕೂತೆವು. ಹಾಗೇ ಬಿಟ್ಟಿದ್ದೇವೆ.

ಇತಿ,
ಜಗಲಿಯಲ್ಲಿ ಇಂಗ್ಲಿಷ್ ಹೇಳಿಕೊಡುವ ಕನ್ನಡದ ಹೆಂಗಸು
ಯೋಗ್ಯಕರ್ತ